ಸಾಕುಮೀನಿನ ಮೈಮೇಲೆ ಗಂಟು: ಮದ್ದಿಗೆ ಮೊದಲು ಗುರುತು ಹಿಡಿಯಿರಿ

ಗಾಜಿನ ತೊಟ್ಟಿಯ ಮೀನಿನ ಮೈಮೇಲೆ ಗಂಟೋ, ಹತ್ತಿಯೋ, ಕಡ್ಡಿಯಂಥದ್ದೋ ಕಂಡರೆ ನಮ್ಮ ಕಡೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕೆಲಸ ನಡೆಯುತ್ತದೆ. ಪೇಟೆಯ ಅಂಗಡಿಯಿಂದ ನೀಲಿ ಬಣ್ಣದ ಬಾಟ್ಲಿ ತಂದು ಸುರಿಯುವುದು ಒಂದು. ಕೊಟ್ಟಿಗೆಯ ಅಟ್ಟದ ಮೇಲಿರುವ ಗದ್ದೆ-ತೋಟದ ಮದ್ದನ್ನೇ "ಒಂದೆರಡು ಹನಿ" ಹಾಕುವುದು ಇನ್ನೊಂದು. ಇವೆರಡೂ ಬೇಡ ಅನಿಸಿದವರು ಮೀನನ್ನು ಜೀವಂತ ಹಳ್ಳಕ್ಕೆ ಬಿಟ್ಟು, ಪುಣ್ಯ ಬಂತು ಅಂತ ಮನೆಗೆ ಬರುವುದು ಮೂರನೆಯದು. ಮೊದಲನೆಯದರಿಂದ ದುಡ್ಡು ದಂಡ. ಎರಡನೆಯದರಿಂದ ಮೀನು ಸಾಯುತ್ತದೆ. ಮೂರನೆಯದರಿಂದ ಹಳ್ಳದ ಮೀನಿಗೂ ಕಷ್ಟ.

ಗಂಟೆಲ್ಲ ಒಂದೇ ಅಲ್ಲ. ಕೆಲವು ರೋಗವೇ ಅಲ್ಲ, ಕೆಲವಕ್ಕೆ ಮದ್ದೇ ಇಲ್ಲ ಮತ್ತು ಬೇಕಾಗಿಯೂ ಇಲ್ಲ. ಉಳಿದವುಗಳಲ್ಲಿ ಹೆಚ್ಚಿನವು ಒಳ್ಳೆಯ ನೀರು, ಕಲ್ಲುಪ್ಪು, ಒಂದು ಚಿಮಟದಲ್ಲಿ ಹತೋಟಿಗೆ ಬರುತ್ತವೆ. ಯಾವುದು ಯಾವುದೆಂದು ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ನಾನು ಮಕ್ಕಿಗದ್ದೆ ನಂಬಿದ ರೈತ. ಮಾಸ್ತಿಕಟ್ಟೆ ಎಂದರೆ ಆಗುಂಬೆ, ಹುಲಿಕಲ್ಲುಗಳ ಸಾಲಿನಲ್ಲಿ ಮಳೆಗೆ ಹೆಸರಾದ ಜಾಗ. ಆದರೆ ಮಕ್ಕಿಗೆ ಮಳೆ ನೀರು ಬಿಟ್ಟರೆ ಬೇರೆ ದಿಕ್ಕಿಲ್ಲ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಗದ್ದೆ ಬಿರುಕು ಬಿಟ್ಟಿರುತ್ತದೆ. ಓದಿದ್ದು ಏಳನೇ ಕ್ಲಾಸು. ವಾರಾಹಿ ವಿದ್ಯುತ್ ಯೋಜನೆಯ ಕಾಲನಿಯಿಂದ ವರ್ಗವಾಗಿ ಹೋದ ಕುಟುಂಬವೊಂದು ತಮ್ಮ ಗಾಜಿನ ತೊಟ್ಟಿಯನ್ನು ನಮ್ಮ ಮಕ್ಕಳಿಗೆ ಕೊಟ್ಟಿತು. ಮಕ್ಕಳು ಓದಲು ಹೋದರು, ತೊಟ್ಟಿ ನನ್ನ ಪಾಲಿಗೆ ಉಳಿಯಿತು. ಈಗ ಎರಡು ಗಾಜಿನ ತೊಟ್ಟಿ, ಅಂಗಳದಲ್ಲಿ ಒಂದು ಸಿಮೆಂಟ್ ತೊಟ್ಟಿ ಇವೆ. ಸುತ್ತಲಿನವರು ಕಾಯಿಲೆಯ ಮೀನನ್ನು ತಂಬಿಗೆಯಲ್ಲಿ ಹಾಕಿಕೊಂಡು ಬರುವುದುಂಟು. ಹಾಗೆ ನೋಡಿದ್ದು, ಮೀನುಗಾರಿಕೆ ಓದಿದವರನ್ನು ಕೇಳಿ ತಿಳಿದದ್ದು ಇಲ್ಲಿದೆ.

ನೋಡುವ ಕ್ರಮ

ಮೀನನ್ನು ಕೈಯಲ್ಲಿ ಹಿಡಿದು ನೋಡಬಾರದು. ಅದರ ಮೈಮೇಲಿನ ಲೋಳೆಯೇ ಅದಕ್ಕೆ ಕವಚ. ಒಣಗಿದ ಕೈ ತಾಗಿದರೆ ಲೋಳೆ ಕಿತ್ತು ಬಂದು, ಇಲ್ಲದ ರೋಗಕ್ಕೂ ದಾರಿಯಾಗುತ್ತದೆ. ಬಣ್ಣವಿಲ್ಲದ ತೆಳು ಪ್ಲಾಸ್ಟಿಕ್ ಚೀಲದಲ್ಲಿ ತೊಟ್ಟಿಯದೇ ನೀರು ಹಾಕಿ, ಮೀನನ್ನು ಅದರೊಳಗೆ ಬಿಡಿ. ಬೆಳಕಿಗೆ ಎತ್ತಿ ಹಿಡಿದು, ಬದಿಯಿಂದ ಟಾರ್ಚ್ ಬಿಟ್ಟು, ಭೂತಗನ್ನಡಿಯಲ್ಲಿ ನೋಡಿ. ಒಂದು ನಿಮಿಷ ಸಾಕು. ನೋಡುವಾಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು:

1. ಅದು ಅಲುಗುತ್ತದೆಯೇ, ಜಾಗ ಬದಲಿಸುತ್ತದೆಯೇ?
2. ಮೈಯಿಂದ ಹೊರಗೆ ನಿಂತಿದೆಯೇ, ಚರ್ಮದೊಳಗೆ ಹುದುಗಿದೆಯೇ?
3. ಎಡ-ಬಲ ಎರಡೂ ಕಡೆ ಒಂದೇ ಸಮ ಇದೆಯೇ?
4. ನಿನ್ನೆಗಿಂತ ಇವತ್ತು ಹೆಚ್ಚಾಗಿದೆಯೇ? ತಿಂಗಳುಗಟ್ಟಲೆ ಹಾಗೇ ಇದೆಯೇ?
5. ಒಂದೇ ಮೀನಿಗೋ, ಎಲ್ಲಕ್ಕೂ ಇದೆಯೋ?
6. ಮೀನು ತಿನ್ನುತ್ತಿದೆಯೇ? ಕಲ್ಲಿಗೆ ಮೈ ಉಜ್ಜುತ್ತಿದೆಯೇ? ಮೇಲೆ ಬಂದು ಬಾಯಿ ಬಿಡುತ್ತಿದೆಯೇ?

ಉತ್ತರಗಳನ್ನು ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದಿಡಿ. ನಾಲ್ಕನೇ ಪ್ರಶ್ನೆಗೆ ನೆನಪನ್ನು ನಂಬಿದರೆ ಆಗುವುದಿಲ್ಲ.

ರೋಗವಲ್ಲದ ಗಂಟುಗಳು

ಚಿನ್ನದ ಮೀನಿನಲ್ಲಿ ಒರಾಂಡಾ, ಲಯನ್‌ಹೆಡ್ ಅಂತ ಜಾತಿಗಳಿವೆ. ಇವುಗಳ ತಲೆಯ ಮೇಲೆ ಹೂಕೋಸಿನ ಹಾಗೆ ಮಾಂಸ ಬೆಳೆಯುತ್ತದೆ. ಅದಕ್ಕಾಗಿಯೇ ಚೀನಾದವರು ಆರಿಸಿ ಆರಿಸಿ ತಳಿ ಮಾಡಿದ್ದು. ಮರಿಯಾಗಿದ್ದಾಗ ತಲೆ ನುಣ್ಣಗಿದ್ದು, ಆಮೇಲೆ ಬೆಳೆದಾಗ ಹೊಸಬರು ಹೆದರುತ್ತಾರೆ. ಕಣ್ಣು ಪೂರ್ತಿ ಮುಚ್ಚಿ ಮೀನಿಗೆ ತಿನಿಸು ಕಾಣದ ಹಾಗಾದರೆ ಮಾತ್ರ ಪಶುವೈದ್ಯರಿಗೆ ತೋರಿಸಬೇಕು.

ಇನ್ನೊಂದು, ಗಂಡು ಮೀನಿನ ಬೆದೆಯ ಮುತ್ತುಗಳು. ಮರಿ ಮಾಡುವ ಕಾಲಕ್ಕೆ ಗಂಡು ಚಿನ್ನದ ಮೀನಿನ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಮುಳ್ಳಿನ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಸಾಲಾಗಿ ಏಳುತ್ತವೆ. ಎರಡೂ ಬದಿಯಲ್ಲಿ ಒಂದೇ ಸಮ. ಮೀನು ಚುರುಕಾಗಿ ಹೆಣ್ಣಿನ ಹಿಂದೆ ಓಡುತ್ತಿರುತ್ತದೆ. ಗೆಂಡೆ ಜಾತಿಯ ಬೇರೆ ಮೀನುಗಳ ಮೂತಿಯ ಮೇಲೂ ಇಂಥ ಕಾಳು ಏಳುವುದುಂಟು. ಇದನ್ನು ಬಿಳಿಚುಕ್ಕೆ ರೋಗ ಅಂದುಕೊಂಡು ಮದ್ದು ಹಾಕುವವರು ಬಹಳ. ಕಾಲ ಕಳೆದ ಮೇಲೆ ಮುತ್ತುಗಳು ತಾವೇ ಇಳಿಯುತ್ತವೆ. ಯಶಸ್ಸು ಮಾತ್ರ ಬಾಟ್ಲಿಗೆ!

ಉಪ್ಪಿನ ಕಾಳಿನಂಥ ಬಿಳಿಚುಕ್ಕೆ

ಮೈ, ಬಾಲ, ರೆಕ್ಕೆ ಎಲ್ಲ ಕಡೆ ಪುಡಿಯುಪ್ಪು ಉದುರಿಸಿದ ಹಾಗೆ ಚುಕ್ಕೆ. ಎಡ-ಬಲದ ಲೆಕ್ಕವಿಲ್ಲ. ಮೀನು ಕಲ್ಲಿಗೆ, ಗಾಜಿಗೆ ಮೈ ಉಜ್ಜುತ್ತದೆ. ಒಂದಕ್ಕೆ ಬಂದದ್ದು ಎರಡು ಮೂರು ದಿನದಲ್ಲಿ ಎಲ್ಲಕ್ಕೂ ಬರುತ್ತದೆ. ಇದು ಬಿಳಿಚುಕ್ಕೆ ರೋಗ. ತಿಳಿದವರು ಇಕ್ ಅನ್ನುತ್ತಾರೆ.

ಮಾಡುವುದು ಒಂದೇ ಜೀವಕಣದ ಪರಾವಲಂಬಿ. ಅದು ಮೀನಿನ ಹೊರಚರ್ಮದ ಅಡಿಯಲ್ಲಿ ಕೂತು ಬೆಳೆಯುತ್ತದೆ. ಅಲ್ಲಿರುವಾಗ ಯಾವ ಮದ್ದೂ ಅದಕ್ಕೆ ತಾಗುವುದಿಲ್ಲ. ಬಲಿತ ಮೇಲೆ ಮೀನನ್ನು ಬಿಟ್ಟು ತೊಟ್ಟಿಯ ತಳಕ್ಕೆ ಬಿದ್ದು, ಪೊರೆ ಕಟ್ಟಿಕೊಂಡು, ಒಂದು ಹೋಗಿ ನೂರಾರು ಆಗುತ್ತದೆ. ಆ ಮರಿಗಳು ಈಜಿಕೊಂಡು ಹೊಸ ಮೀನು ಹುಡುಕುತ್ತವೆ. ಉಪ್ಪು, ಮದ್ದು ಕೆಲಸ ಮಾಡುವುದು ಈಜುವ ಆ ಹೊತ್ತಿನಲ್ಲಿ ಮಾತ್ರ. ಮೀನು ಸಿಗದಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತವೆ.

ಇಲ್ಲಿಯೇ ಹೆಚ್ಚಿನವರು ಸೋಲುವುದು. ಉಪ್ಪು ಹಾಕಿದ ನಾಲ್ಕನೇ ದಿನಕ್ಕೆ ಚುಕ್ಕೆ ಮಾಯವಾಗುತ್ತದೆ. ಗುಣವಾಯಿತು ಅಂತ ನಿಲ್ಲಿಸುತ್ತಾರೆ. ಚುಕ್ಕೆ ಹೋದದ್ದು ಗುಣವಾಗಿ ಅಲ್ಲ, ಬಲಿತು ಕೆಳಗೆ ಬಿದ್ದು. ವಾರದೊಳಗೆ ಹತ್ತು ಪಟ್ಟಾಗಿ ಬರುತ್ತದೆ. ನೀರು 25 ಡಿಗ್ರಿ ಇದ್ದರೆ ಈ ಸುತ್ತು ವಾರದೊಳಗೆ ಮುಗಿಯುತ್ತದೆ. ನೀರು ತಣ್ಣಗಿದ್ದಷ್ಟೂ ನಿಧಾನ. ಆದ್ದರಿಂದ ನಮ್ಮ ಆಷಾಢದ ಜಡಿಮಳೆಯಲ್ಲಿ, ಪುಷ್ಯದ ಛಳಿಯಲ್ಲಿ ಎರಡು ಮೂರು ವಾರ ಬಿಡದೆ ಉಪ್ಪು ಇರಬೇಕು. ದಿನಾ ರಬ್ಬರ್ ಪೈಪಿನಿಂದ ತಳದ ಕಸ ಎಳೆದು ತೆಗೆದರೆ ಅದರ ಜೊತೆ ಪೊರೆಗಳೂ ಹೋಗುತ್ತವೆ.

ಕಡ್ಡಿ ಚುಚ್ಚಿದಂತೆ ಕಂಡರೆ ಲಂಗರುಹುಳ

ಪಕ್ಕದೂರಿನ ಹುಡುಗನೊಬ್ಬ ಮನೆಯ ಹಿತ್ತಲಲ್ಲಿ ಬಣ್ಣದ ಮೀನು ಮರಿ ಮಾಡಿಸಿ ಮಾರುತ್ತಾನೆ. ಗದ್ದೆಯಲ್ಲಿ ಹುಟ್ಟದ ದುಡ್ಡು ಅದರಲ್ಲಿ ಹುಟ್ಟುತ್ತದೆ ಅಂತ ಅವನ ನಂಬಿಕೆ. ಪೇಟೆಯ ಒಂದು ಅಂಗಡಿಯಿಂದ ತಂದ ಆರು ಚಿನ್ನದ ಮೀನುಗಳ ಸಮೇತ ಒಂದು ದಿನ ಬಂದ.

"ಮಾವ, ಬಾಲದ ಬುಡದಲ್ಲಿ ಎಂತದೋ ಕಡ್ಡಿ ಚುಚ್ಚಿಕಂಡಿದೆ. ಎಳೆದ್ರೆ ಬರೂದಿಲ್ಲ."

"ಎಳೀಬೇಡ ಮಾರಾಯ, ತಡಿ. ತುದಿ ನೋಡು, ಎರಡು ಕವಲು ಕಾಣ್ತದಾ?"

"ಹೌದು, ಸಣ್ಣ ಎರಡು ಚೀಲ ಇದ್ದಾಂಗಿದೆ."

ಅದೇ ಗುರುತು. ಇದು ಕಡ್ಡಿಯಲ್ಲ, ಹುಳ. ಹೆಸರು ಲರ್ನಿಯಾ. ಸೀಗಡಿ, ಏಡಿಗಳ ದೂರದ ನೆಂಟ. ಹೆಣ್ಣುಹುಳ ಮಾತ್ರ ಹೀಗೆ ತಲೆಯನ್ನು ಮೀನಿನ ಮಾಂಸದೊಳಗೆ ಹೊಗಿಸಿ, ದೋಣಿಯ ಲಂಗರಿನ ಹಾಗೆ ಕೊಂಬು ಬಿಡಿಸಿ ಕೂರುತ್ತದೆ. ಉದ್ದ ಒಂದರಿಂದ ಎರಡು ಸೆಂಟಿಮೀಟರ್. ತುದಿಯ ಎರಡು ಚೀಲಗಳಲ್ಲಿರುವುದು ಮೊಟ್ಟೆ. ಚುಚ್ಚಿದ ಜಾಗ ಕೆಂಪಗೆ ಬಾತು ಗಂಟಿನ ಹಾಗೆ ಕಾಣುತ್ತದೆ.

ಒದ್ದೆ ಬಟ್ಟೆಯ ಮೇಲೆ ಮೀನನ್ನು ಮಲಗಿಸಿ, ಕಣ್ಣಿಗೆ ಬಟ್ಟೆ ಮುಚ್ಚಬೇಕು. ಚೂಪು ಚಿಮಟದಿಂದ ಹುಳ ಮೈಯೊಳಗೆ ಹೊಕ್ಕ ಬುಡದಲ್ಲೇ ಹಿಡಿದು, ಅದು ಬಾಗಿದ ದಿಕ್ಕಿಗೇ ನಿಧಾನ ಎಳೆಯಬೇಕು. ನಡುವಿನಲ್ಲಿ ಹಿಡಿದರೆ ತುಂಡಾಗಿ ತಲೆ ಒಳಗೇ ಉಳಿದು ಹುಣ್ಣಾಗುತ್ತದೆ. ತೆಗೆದ ಗಾಯಕ್ಕೆ ನಾವು ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹತ್ತಿ ಕಡ್ಡಿಯಲ್ಲಿ ಮುಟ್ಟಿಸಿದರೆ ಸಾಕು. ಕಿವಿರು, ಕಣ್ಣಿಗೆ ತಾಗಬಾರದು. ಆರು ಮೀನಿನಿಂದ ಆ ದಿನ ಹನ್ನೊಂದು ಹುಳ ತೆಗೆದೆವು.

ಅಷ್ಟಕ್ಕೆ ಮುಗಿಯುವುದಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಮರಿಗಳಿರುತ್ತವೆ. ಬೆಚ್ಚಗಿನ ನೀರಲ್ಲಿ ಮೊಟ್ಟೆಯಿಂದ ಬಲಿತ ಹುಳವಾಗಲು ಸುಮಾರು ಮೂರು ವಾರ. ಅದಕ್ಕೆ ಅವನು ಎರಡು ಬಾನಿ ಇಟ್ಟುಕೊಂಡ. ವಾರಕ್ಕೊಮ್ಮೆ ಮೀನನ್ನು ಪರೀಕ್ಷಿಸಿ, ಕಂಡ ಹುಳ ತೆಗೆದು, ಹೊಸ ನೀರಿನ ಬಾನಿಗೆ ದಾಟಿಸುವುದು. ಖಾಲಿಯಾದ ಬಾನಿಯನ್ನು ಉಜ್ಜಿ ಬಿಸಿಲಲ್ಲಿ ಪೂರ್ತಿ ಒಣಗಿಸುವುದು. ಎರಡನೇ ವಾರ ನಾಲ್ಕು ಹುಳ, ಮೂರನೇ ವಾರ ಐದು, ನಾಲ್ಕನೇ ವಾರ ಒಂದು. ಆರು ವಾರದವರೆಗೆ ಬಿಡದೆ ಮಾಡಿದ. ಆಮೇಲೆ ಕಾಣಲಿಲ್ಲ. ಒಂದು ಮೀನು ಸತ್ತಿತು, ಐದು ಉಳಿದವು. ಇವನ್ನು ನೇರ ಮರಿಗಳ ತೊಟ್ಟಿಗೆ ಬಿಟ್ಟಿದ್ದರೆ ಅವನ ಆ ವರ್ಷದ ದುಡಿಮೆ ಅಷ್ಟೂ ಹೋಗುತ್ತಿತ್ತು.

ಇದೇ ಗುಂಪಿನಲ್ಲಿ ಮೀನುಹೇನು ಅಂತ ಇನ್ನೊಂದಿದೆ. ಅರ್ಧ ಸೆಂಟಿಮೀಟರಿನಿಂದ ಒಂದರವರೆಗಿನ ಚಪ್ಪಟೆ ಬಿಲ್ಲೆ. ಮಚ್ಚೆ ಅಂದುಕೊಳ್ಳಬೇಕು, ಅಷ್ಟರಲ್ಲಿ ಜರಿದು ಹೋಗುತ್ತದೆ! ಮೊಟ್ಟೆಯನ್ನು ಮೀನಿನ ಮೇಲಲ್ಲ, ಗಾಜು, ಕಲ್ಲು, ಮರದ ಮೇಲೆ ಸಾಲಾಗಿ ಅಂಟಿಸುತ್ತದೆ. ಕೆರೆಯಲ್ಲಿ ಗೆಂಡೆಮೀನು ಸಾಕುವವರು ನೀರಿನಲ್ಲಿ ಬಿದಿರಿನ ದಬ್ಬೆ ನಿಲ್ಲಿಸಿ, ವಾರಕ್ಕೊಮ್ಮೆ ಎತ್ತಿ ಮೊಟ್ಟೆ ಸಮೇತ ಒಣಗಿಸುತ್ತಾರೆ. ಸಣ್ಣ ತೊಟ್ಟಿಗೂ ಆ ಉಪಾಯ ಆಗುತ್ತದೆ.

ಹತ್ತಿಯಂತೆ ಬೆಳೆದರೆ: ಕೊಳೆರೋಗದ ದಾಯಾದಿ

ಗಾಯದ ಮೇಲೆ, ರೆಕ್ಕೆ ಹರಿದಲ್ಲಿ ಬಿಳಿ ಹತ್ತಿಯ ಉಂಡೆ. ನೀರಲ್ಲಿ ಎಳೆ ಎಳೆಯಾಗಿ ತೂಗುತ್ತದೆ, ಹೊರಗೆ ಎತ್ತಿದರೆ ಲೋಳೆಯಾಗಿ ಅಂಟಿಕೊಳ್ಳುತ್ತದೆ. ಇದು ಸ್ಯಾಪ್ರೋಲೆಗ್ನಿಯಾ ಎಂಬ ನೀರಿನ ಬೂಷ್ಟು.

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಕೊಳೆರೋಗದ ಫೈಟಾಫ್ತೊರಾ ಮತ್ತು ಈ ಮೀನಿನ ಹತ್ತಿ ಒಂದೇ ವಂಶದವು. ಎರಡಕ್ಕೂ ಬಾಲವಿರುವ ಈಜುವ ಬೀಜಕಣಗಳಿವೆ. ಎರಡಕ್ಕೂ ತಂಪು ಮತ್ತು ನೀರು ಬೇಕು. ವ್ಯತ್ಯಾಸ ಒಂದೇ: ಕೊಳೆ ಚೆನ್ನಾಗಿರುವ ಕಾಯಿಗೇ ಹತ್ತುತ್ತದೆ, ಈ ಹತ್ತಿ ಹೆಚ್ಚಾಗಿ ಮೊದಲೇ ಗಾಯವಾದ, ಸೋತ ಮೀನಿಗೆ, ಸತ್ತ ಮೊಟ್ಟೆಗೆ ಹತ್ತುತ್ತದೆ. ಹಾಗಾಗಿ ಹತ್ತಿ ಕಂಡರೆ ಗಾಯ ಹೇಗಾಯಿತು ಅಂತ ಮೊದಲು ಹುಡುಕಬೇಕು. ಚೂಪು ಕಲ್ಲೇ? ಬೇರೆ ಮೀನು ಕಚ್ಚಿತೇ? ಲಂಗರುಹುಳವೇ? ನೀರು ಕೊಳೆತಿತ್ತೇ? ಅದು ಸರಿಯಾಗಿ, ಬೇರೆ ತೊಟ್ಟಿಯಲ್ಲಿ ಉಪ್ಪುನೀರು ಕೊಟ್ಟರೆ ವಾರ ಹತ್ತು ದಿನದಲ್ಲಿ ಕಳಚುತ್ತದೆ.

ಬಾಯಿಯ ಸುತ್ತ ಗಿಡ್ಡ, ಬೂದು-ಬಿಳಿ ಹತ್ತಿ ಬಂದು ಒಂದೆರಡು ದಿನದಲ್ಲೇ ತುಟಿ ಸವೆಯುತ್ತಾ ಹೋದರೆ ಅದು ಬೂಷ್ಟಲ್ಲ, ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ. ಇದಕ್ಕೆ ನೀರು ಬೆಚ್ಚಗೆ ಮಾಡಬಾರದು, ರೋಗ ಜೋರಾಗುತ್ತದೆ. ಉಪ್ಪು ಸ್ವಲ್ಪ ತಡೆಯುತ್ತದೆ. ಹೆಚ್ಚಾದರೆ ಪಶುವೈದ್ಯರೇ ಬೇಕು.

ಕೆರೆಯ ಮೀನು ಸಾಕುವವರು ಈ ವಂಶದ ಇನ್ನೊಬ್ಬನನ್ನು ನೆನಪಿಡಬೇಕು. 1971ರಲ್ಲಿ ಜಪಾನಿನಲ್ಲಿ, 1972ರಲ್ಲಿ ಆಸ್ಟ್ರೇಲಿಯಾದಲ್ಲಿ ಕಂಡ ಹುಣ್ಣುರೋಗ 1988ರಲ್ಲಿ ನಮ್ಮ ದೇಶದ ಈಶಾನ್ಯ ಭಾಗಕ್ಕೆ ಬಂತು, ಆಮೇಲೆ ದಕ್ಷಿಣಕ್ಕೂ ಇಳಿಯಿತು. ಮಾಡುವುದು ಅಫನೋಮೈಸಿಸ್ ಎಂಬ ನೀರಿನ ಬೂಷ್ಟು. ಅದರಲ್ಲಿ ಗಂಟಿಗಿಂತ ಕೆಂಪು ಚುಕ್ಕೆ, ಆಳದ ಹುಣ್ಣು ಮುಖ್ಯ ಗುರುತು. ಮಳೆ ಮುಗಿದು ನೀರು ತಣ್ಣಗಾಗುವ ತಿಂಗಳಲ್ಲಿ ಇಂಥದ್ದು ಕಂಡರೆ ತಡಮಾಡದೆ ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು.

ಮದ್ದಿಲ್ಲದ ಗಂಟುಗಳು

ಹೂಕೋಸಿನ ಹಾಗೆ, ಸಣ್ಣ ಮುತ್ತುಗಳ ಗೊಂಚಲಿನ ಹಾಗೆ ರೆಕ್ಕೆಯ ಅಂಚಿನಲ್ಲಿ ನಿಧಾನ ಬೆಳೆಯುವುದು ಲಿಂಫೋಸಿಸ್ಟಿಸ್. ವೈರಸ್ ಹೊಕ್ಕ ಜೀವಕಣ ಬರಿಗಣ್ಣಿಗೆ ಕಾಣುವಷ್ಟು ಉಬ್ಬುತ್ತದೆ. ಚಿನ್ನದ ಮೀನು, ಗೆಂಡೆಗಳಿಗೆ ಇದು ಬರುವುದಿಲ್ಲ. ಏಂಜಲ್‌ನಂಥ ಸಿಕ್ಲಿಡ್‌ಗಳಿಗೆ, ಗಾಜುಮೀನಿಗೆ, ಸಮುದ್ರದ ಮೀನುಗಳಿಗೆ ಬರುತ್ತದೆ. ಮೈಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ಗಾಜುಮೀನುಗಳಲ್ಲಿ ಇದು ಹೆಚ್ಚು. ಅಂಥ ಮೀನನ್ನು ಕೊಳ್ಳದಿರುವುದೇ ಲೇಸು. ಮದ್ದಿಲ್ಲ. ನೀರು ಚೊಕ್ಕಟವಿದ್ದು ಮೀನಿಗೆ ಗಲಿಬಿಲಿ ಇಲ್ಲದಿದ್ದರೆ ಕೆಲವು ವಾರ, ಕೆಲವು ತಿಂಗಳಲ್ಲಿ ತಾನೇ ಉದುರುತ್ತದೆ.

ಗೆಂಡೆ, ಕೊಯಿ ಮೀನುಗಳ ಮೈಮೇಲೆ ಮೇಣದಬತ್ತಿಯ ಹನಿ ಬಿದ್ದು ಗಟ್ಟಿಯಾದ ಹಾಗೆ ನುಣ್ಣಗಿನ ಹಾಲುಬಿಳಿ ಗಂಟು ಕಂಡರೆ ಅದು ಗೆಂಡೆಸಿಡುಬು. ಇದೂ ವೈರಸ್ಸೇ. ಛಳಿಗೆ ಏಳುತ್ತದೆ, ನೀರು ಬೆಚ್ಚಗಾದಾಗ ಇಳಿಯುತ್ತದೆ. ಕೆರೆದು ತೆಗೆಯಬಾರದು.

ವಯಸ್ಸಾದ ಚಿನ್ನದ ಮೀನಿಗೆ ಒಂದೇ ಜಾಗದಲ್ಲಿ ಮಾಂಸದ ಗೆಡ್ಡೆ ಬೆಳೆಯುವುದುಂಟು. ನಮ್ಮ ಮನೆಯ ಒಂದಕ್ಕೆ ಬೆನ್ನಿನ ಮೇಲೆ ಕಡಲೆಕಾಳಿನಷ್ಟು ಬಂದು, ಎರಡು ವರ್ಷದಲ್ಲಿ ಅವರೆಕಾಳಿನಷ್ಟಾಗಿದೆ. ಚೀಟಿಯಲ್ಲಿ ಬರೆದಿಟ್ಟದ್ದರಿಂದ ಲೆಕ್ಕ ಸಿಗುತ್ತದೆ. ಮೀನು ತಿನ್ನುತ್ತದೆ, ಈಜುತ್ತದೆ. ಜೊತೆಯವಕ್ಕೆ ಅಂಟಿಲ್ಲ. ಅದರಷ್ಟಕ್ಕೆ ಬಿಟ್ಟಿದ್ದೇನೆ. ಪಶುವೈದ್ಯರು ಅರಿವಳಿಕೆ ಕೊಟ್ಟು ಕತ್ತರಿಸುವುದೂ ಇದೆ, ಆದರೆ ಬೇರು ಉಳಿದರೆ ಮತ್ತೆ ಬೆಳೆಯುತ್ತದೆ. ಮನೆಯ ಬ್ಲೇಡು ಮಾತ್ರ ಬೇಡವೇ ಬೇಡ.

ನಮ್ಮ ಕೈಗೂ ಬರುವ ಗಂಟು

ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. ಮೀನು ತಿನ್ನುತ್ತಿದ್ದರೂ ಒಣಗುತ್ತಾ ಹೋಗುವುದು, ಬೆನ್ನು ಡೊಂಕಾಗುವುದು, ಮಾಯದ ಹುಣ್ಣು, ಒಂದೊಂದೇ ಸಾಯುವುದು, ಇವೆಲ್ಲ ಮೀನಿನ ಕ್ಷಯದ ಲಕ್ಷಣ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮತ್ಸ್ಯಾಲಯದ ಮೀನುಗಳಲ್ಲಿ ಇದರ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅದು ನಮ್ಮ ಕ್ಷಯದ ಬ್ಯಾಕ್ಟೀರಿಯಾದ ಕುಲದ್ದೇ, ಆದರೆ ಬೇರೆ ಜಾತಿ. ತೊಟ್ಟಿಗೆ ಗಾಯದ ಕೈ ಹಾಕಿದರೆ ಬೆರಳು, ಮುಂಗೈ ಮೇಲೆ ವಾಸಿಯಾಗದ ಗಂಟಾಗಿ ಏಳುತ್ತದೆ. ಸಾಮಾನ್ಯ ಮುಲಾಮಿಗೆ ಬಗ್ಗುವುದಿಲ್ಲ. ತಿಂಗಳುಗಟ್ಟಲೆ ಮಾತ್ರೆ ಬೇಕಾಗುತ್ತದೆ.

ನಮ್ಮ ಕೈಯಲ್ಲಿ ಕತ್ತಿಯ ಗಾಯ, ಮುಳ್ಳಿನ ಗೀರು ಇಲ್ಲದ ದಿನ ಯಾವುದು? ಆದ್ದರಿಂದ ತೊಟ್ಟಿ ತೊಳೆಯುವಾಗ ರಬ್ಬರ್ ಕೈಚೀಲ ಹಾಕಿ. ಪೈಪಿನಲ್ಲಿ ಬಾಯಿಯಿಂದ ನೀರು ಎಳೆಯಬೇಡಿ. ಕೈಯ ಗಂಟಿಗೆ ಡಾಕ್ಟರ ಹತ್ತಿರ ಹೋದಾಗ, "ನಾನು ಮೀನು ಸಾಕುತ್ತೇನೆ" ಅಂತ ನೀವೇ ಹೇಳಿ. ಹೇಳದಿದ್ದರೆ ಅವರಿಗೆ ಅದು ಹೊಳೆಯುವುದು ಕಷ್ಟ.

ಉಪ್ಪಿನ ಲೆಕ್ಕ

ಮೊದಲು ತೊಟ್ಟಿಯ ನೀರು ಎಷ್ಟೆಂದು ತಿಳಿಯಬೇಕು. ಉದ್ದ, ಅಗಲ, ನೀರಿನ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 30 ಇದ್ದರೆ 54 ಲೀಟರ್.

ದೀರ್ಘ ಉಪ್ಪುನೀರು: ಲೀಟರಿಗೆ 2 ಗ್ರಾಂ. 54 ಲೀಟರಿಗೆ 108 ಗ್ರಾಂ ಕಲ್ಲುಪ್ಪು. ಬೇರೆ ಪಾತ್ರೆಯಲ್ಲಿ ಕರಗಿಸಿ ಎರಡು ದಿನದಲ್ಲಿ ಮೂರು ಕಂತಾಗಿ ಹಾಕಿ. ಬಿಳಿಚುಕ್ಕೆಗೆ 3 ಗ್ರಾಂವರೆಗೆ ಹೋಗಬಹುದು. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಆರಿದ್ದಕ್ಕೆ ಬರಿ ನೀರು ತುಂಬಿ. ನೀರು ತೆಗೆದು ಬದಲಿಸಿದಾಗ ಮಾತ್ರ, ತೆಗೆದ ನೀರಿನ ಲೆಕ್ಕಕ್ಕೆ ಉಪ್ಪು ಸೇರಿಸಿ. 15 ಲೀಟರ್ ಬದಲಿಸಿದರೆ 30 ಗ್ರಾಂ.

ಉಪ್ಪಿನ ಸ್ನಾನ: ಬೇರೆ ಬಾನಿಯಲ್ಲಿ ಲೀಟರಿಗೆ 10 ಗ್ರಾಂ. ಹೆಚ್ಚೆಂದರೆ 20 ನಿಮಿಷ. ಎದುರಿಗೇ ನಿಂತಿರಬೇಕು. ಮೀನು ವಾಲಿದ ಕೂಡಲೇ ತೆಗೆದು ಒಳ್ಳೆಯ ನೀರಿಗೆ ಬಿಡಿ.

ಚಿನ್ನದ ಮೀನು, ಗಪ್ಪಿ, ಮೋಲಿಗಳು ಉಪ್ಪನ್ನು ತಡೆಯುತ್ತವೆ. ಹುರುಪೆಯಿಲ್ಲದ ಕ್ಯಾಟ್‌ಫಿಶ್ ಜಾತಿಗಳಿಗೆ, ನೀರಿನ ಗಿಡಗಳಿಗೆ ಆಗುವುದಿಲ್ಲ.

ಪರ್ಮಾಂಗನೇಟ್: ಒಂದು ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಲ್ಲಿ ಕರಗಿಸಿದರೆ, ಅದರ ಒಂದು ಮಿ.ಲೀ.ಗೆ ಒಂದು ಮಿಲಿಗ್ರಾಂ ಬರುತ್ತದೆ. ಲೀಟರಿಗೆ 2 ಮಿಲಿಗ್ರಾಂ ಸಾಕಾದ್ದರಿಂದ 54 ಲೀಟರಿಗೆ 108 ಮಿ.ಲೀ. ನಾಲ್ಕು ಗಂಟೆಯೊಳಗೆ ಅರ್ಧ ನೀರು ಬದಲಿಸಿ. ಚಿಟಿಕೆಯ ಅಂದಾಜು ಬೇಡ, ಹೆಚ್ಚಾದರೆ ಕಿವಿರು ಸುಡುತ್ತದೆ. ಫಾರ್ಮಲಿನ್ ಜೊತೆ ಎಂದೂ ಬೆರೆಸಬಾರದು.

ಮಲಾಕೈಟ್ ಗ್ರೀನ್ ಎಂಬ ಹಸಿರು ಮದ್ದನ್ನು ತಿನ್ನುವ ಮೀನಿಗೆ ಬಳಸುವಂತಿಲ್ಲ. ಕೆರೆಗೆ ಅದು ಸೋಕಲೇಬಾರದು.

ಅಟ್ಟದ ಮೇಲಿನ ಮದ್ದು ಅಲ್ಲೇ ಇರಲಿ

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಕೊಳೆರೋಗಕ್ಕೆ ಬೋರ್ಡೋ ದಾರಿ ತೋರಿಸಿದ ಮೇಲೆ ಮಲೆನಾಡಿನ ಮನೆಮನೆಗೆ ಮೈಲುತುತ್ತ ಬಂತು. ಮೀನಿನ ಹತ್ತಿ ಕೊಳೆಯ ದಾಯಾದಿ ಅಂದೆನಲ್ಲ, ಹಾಗಾದರೆ ಮೈಲುತುತ್ತವೇ ಹಾಕಬಹುದಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ಮೀನಿಗೆ ಮೈಲುತುತ್ತ ಕೊಡುವ ಪದ್ಧತಿ ಇದೆ. ಆದರೆ ಅದು ಗಡಸು ನೀರಿನ ಸೀಮೆಗೆ. ನೀರಿನ ಕ್ಷಾರ ನೋಡಿ ಪ್ರಮಾಣ ಗೊತ್ತು ಮಾಡುತ್ತಾರೆ. ಲೀಟರಿಗೆ 50 ಮಿಲಿಗ್ರಾಮಿಗಿಂತ ಕಡಿಮೆ ಕ್ಷಾರದ ನೀರಿಗೆ ಹಾಕಲೇಬಾರದೆಂಬ ನಿಯಮವಿದೆ. ನಮ್ಮ ಅಬ್ಬಿಯ ನೀರು, ಮಳೆ ನೀರು ಮೆದು. ಇಂಥ ನೀರಿನಲ್ಲಿ ತಾಮ್ರದ ವಿಷ ಪೂರ್ತಿ ಮೀನಿಗೇ ತಾಗುತ್ತದೆ. ಶೇಕಡಾ ಒಂದರ ಬೋರ್ಡೋದಲ್ಲಿ ಲೀಟರಿಗೆ 10 ಗ್ರಾಂ ಮೈಲುತುತ್ತ ಇರುತ್ತದೆ. ಮೀನಿಗೆ ಕೊಡುವ ಅರ್ಧ ಮಿಲಿಗ್ರಾಮಿನ 20 ಸಾವಿರ ಪಟ್ಟು. ಬೋರ್ಡೋ ಡ್ರಮ್ಮನ್ನು ಮೀನಿನ ತೊಟ್ಟಿಯ ಹತ್ತಿರ, ಹಳ್ಳದಲ್ಲಿ ತೊಳೆಯಬೇಡಿ ಎನ್ನುವುದೂ ಇದಕ್ಕೇ.

ಹೇನಿಗೆ, ಲಂಗರುಹುಳಕ್ಕೆ ಹಿಂದೆ ಡೈಕ್ಲೋರ್‌ವಾಸ್ ಹಾಕುತ್ತಿದ್ದರು. ಅದು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಸೈಪರ್‌ಮೆಥ್ರಿನ್ ಜಾತಿಯವು ಮೀನಿಗೆ ಘೋರ ವಿಷ. ಕೀಟದ ಪೊರೆ ಕಟ್ಟದಂತೆ ಮಾಡುವ ಡೈಫ್ಲುಬೆಂಜುರಾನ್ ಎಂಬುದನ್ನು ತಿಳಿದವರು ಅಲಂಕಾರಿಕ ಮೀನಿಗೆ ಬಳಸುತ್ತಾರೆ, ಆದರೆ ಆ ನೀರು ಗದ್ದೆ, ಹಳ್ಳಕ್ಕೆ ಹೋದರೆ ಏಡಿ, ಸೀಗಡಿ ಉಳಿಯುವುದಿಲ್ಲ. ತಜ್ಞರ ಮಾತಿಲ್ಲದೆ ಮುಟ್ಟಬೇಡಿ.

ಹೊಳೆಗೆ ಬಿಡುವುದು ಪುಣ್ಯವಲ್ಲ

ನಮ್ಮ ಹಳ್ಳ ವಾರಾಹಿ ಸೇರಿ, ಘಟ್ಟ ಇಳಿದು, ಕುಂದಾಪುರದ ಹತ್ತಿರ ಸಮುದ್ರಕ್ಕೆ ಹೋಗುತ್ತದೆ. ಆಚೆ ತೀರ್ಥಹಳ್ಳಿ ಬಳಿ ತುಂಗೆಯಲ್ಲಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮವಿದೆ. ಮೇಲೆ ಶೃಂಗೇರಿಯಲ್ಲಿ ದೇವರ ಮೀನುಗಳಿವೆ. ಈ ಘಟ್ಟದಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಮೀನುಗಳು ನಮ್ಮ ಹೊಳೆಗಳಲ್ಲಿವೆ. ಲಂಗರುಹುಳ ಹೊರಗಿನ ಗೆಂಡೆ, ಚಿನ್ನದ ಮೀನುಗಳ ಜೊತೆ ಊರೂರು ಸುತ್ತುವ ಹುಳ. ಪಶ್ಚಿಮಘಟ್ಟದ ನಾಡಮೀನುಗಳ ಮೈಮೇಲೂ ಅದು ಸಿಕ್ಕಿದೆ. ತೊಟ್ಟಿಯಲ್ಲಾದರೆ ಚಿಮಟ ಹಿಡಿದು ತೆಗೆಯುತ್ತೇವೆ. ಹೊಳೆಯ ಮೀನಿಗೆ ಚಿಮಟ ಹಿಡಿಯುವವರು ಯಾರು?

ತೊಟ್ಟಿಯ ನೀರನ್ನು ಬಾಳೆಯ ಬುಡಕ್ಕೆ ಹಾಕಿ, ಹಳ್ಳಕ್ಕಲ್ಲ. ಉಪ್ಪುನೀರಾದರೆ ಗಿಡಕ್ಕೂ ಬೇಡ, ದೂರದ ಒಣನೆಲಕ್ಕೆ ಚೆಲ್ಲಿ. ಸತ್ತ ಮೀನನ್ನು ಹೂಳಿ. ಗುಣವಾಗದೆ ನರಳುವ ಮೀನಿಗೆ ನೋವಿಲ್ಲದ ದಾರಿ ಇದೆ: ಲೀಟರಿಗೆ ಹತ್ತು ಹನಿ ಲವಂಗದ ಎಣ್ಣೆಯನ್ನು ಸ್ವಲ್ಪ ಬಿಸಿನೀರಲ್ಲಿ ಕುಲುಕಿ, ತೊಟ್ಟಿಯದೇ ನೀರಿಗೆ ಬೆರೆಸಿ ಮೀನು ಬಿಟ್ಟರೆ ಅದು ನಿದ್ದೆ ಹೋಗುತ್ತದೆ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಹಾಗೇ ಇಡಬೇಕು.

ಎಲ್ಲಕ್ಕಿಂತ ಮುಖ್ಯ, ಹೊಸ ಮೀನನ್ನು ನೇರ ಹಳೆಯ ತೊಟ್ಟಿಗೆ ಬಿಡದೆ ನಾಲ್ಕು ವಾರ ಬೇರೆ ಇಡುವುದು. ಕೊಟ್ಟಿಗೆಗೆ ಹೊಸ ದನ ತಂದಾಗ ಕೆಲವು ದಿನ ಬೇರೆ ಕಟ್ಟುವುದಿಲ್ಲವೇ, ಹಾಗೆ. ವಾರಕ್ಕೆ ಕಾಲು ಭಾಗ ನೀರು ಬದಲಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ಅಗಲ ಪಾತ್ರೆಯಲ್ಲಿ ತೆರೆದಿಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿನಿಸು ಕೊಡಿ.

ಗುರುತು ಸಿಗದಿದ್ದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇವೆ. ಒಯ್ಯುವುದಾದರೆ ಜೀವಂತ ಮೀನನ್ನು ಒಯ್ಯಿರಿ, ಜೊತೆಗೆ ತಾರೀಖಿನ ಚೀಟಿ. ಸತ್ತು ಕೆಲವು ಗಂಟೆಯಾದ ಮೀನಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ದಾರಿಯಲ್ಲಿ ಸತ್ತರೆ ಮಂಜುಗಡ್ಡೆಯ ಮೇಲಿಡಿ, ಹೆಪ್ಪುಗಟ್ಟಿಸಬೇಡಿ.

ಒಂದೇ ನೋಟಕ್ಕೆ

ಕಿವಿರಿನ ಮುಚ್ಚಳದಲ್ಲಿ ಸಾಲು ಚುಕ್ಕೆ, ಮೀನು ಚುರುಕು: ಬೆದೆಯ ಮುತ್ತು. ಏನೂ ಬೇಡ.
ಮೈಯೆಲ್ಲ ಉಪ್ಪಿನ ಕಾಳು, ಉಜ್ಜುವುದು: ಬಿಳಿಚುಕ್ಕೆ. ಎರಡು ಮೂರು ವಾರ ಉಪ್ಪು.
ಕಡ್ಡಿ, ತುದಿಗೆ ಎರಡು ಚೀಲ: ಲಂಗರುಹುಳ. ಚಿಮಟ, ಎರಡು ಬಾನಿ, ಆರು ವಾರ.
ಓಡಾಡುವ ಬಿಲ್ಲೆ: ಮೀನುಹೇನು. ತೆಗೆಯಿರಿ, ಮೊಟ್ಟೆ ಒಣಗಿಸಿ.
ಗಾಯದ ಮೇಲೆ ಉದ್ದ ಹತ್ತಿ: ಬೂಷ್ಟು. ಗಾಯದ ಕಾರಣ ಹುಡುಕಿ, ಉಪ್ಪು.
ಬಾಯಿಯಲ್ಲಿ ಗಿಡ್ಡ ಹತ್ತಿ, ಬೇಗ ಹರಡುವುದು: ಬ್ಯಾಕ್ಟೀರಿಯಾ. ವೈದ್ಯರು.
ಹೂಕೋಸು, ಮೇಣದ ಹನಿ: ವೈರಸ್. ಕಾಯಿರಿ.
ಒಂದೇ ಗೆಡ್ಡೆ, ವರ್ಷಗಟ್ಟಲೆ: ಬಿಟ್ಟುಬಿಡಿ.
ಒಣಗುವುದು, ಡೊಂಕು ಬೆನ್ನು, ಹುಣ್ಣು: ಕ್ಷಯ ಇರಬಹುದು. ಬರಿಗೈ ಹಾಕಬೇಡಿ.

ಮಲೆನಾಡಿನ ಮೆದು ನೀರಿನಲ್ಲಿ ಬೇರೆ ಉಪಾಯಗಳನ್ನು ಮಾಡಿ ಗೆದ್ದವರಿದ್ದರೆ ಪ್ರಮಾಣ, ದಿನದ ಲೆಕ್ಕದ ಸಮೇತ ಪತ್ರಿಕೆಗೆ ಬರೆಯಲಿ. ಎಲ್ಲರಿಗೂ ಉಪಯೋಗವಾಗುತ್ತದೆ.